ಮನೆಯ ಮೀಡಿಯಾ ಕಂಪ್ಯೂಟರ್‌ಗೆ ಟಿವಿ ಟ್ಯೂನರ್: ಕಾರ್ಡೋ, ಯುಎಸ್‌ಬಿಯೋ, ನೆಟ್‌ವರ್ಕ್ ಡಬ್ಬವೋ?

ಹೊಸಪರದೆ:
ಎಲ್ಲರಿಗೂ ನಮಸ್ಕಾರ. ಟಿವಿ ಕೆಳಗಿನ ಗೂಡಿನಲ್ಲಿ ಇಡೋಕೆ ಒಂದು ಚಿಕ್ಕ ಕಂಪ್ಯೂಟರ್ ಜೋಡಿಸುತ್ತಿದ್ದೇನೆ. ಸಿನಿಮಾ, ಹಾಡು, ಫೋಟೋ ಎಲ್ಲ ಆಗಲೇ ಅದರಲ್ಲಿ ಓಡುತ್ತಿದೆ. ಬಾಕಿ ಇರುವುದು ಟಿವಿ ಚಾನೆಲ್ ಒಂದೇ. ನೇರ ಪ್ರಸಾರ ನೋಡಬೇಕು, ಬೇಕಾದ್ದನ್ನು ರೆಕಾರ್ಡ್ ಮಾಡಬೇಕು, ಮಧ್ಯೆ ಫೋನ್ ಬಂದರೆ ನಿಲ್ಲಿಸಿ ಆಮೇಲೆ ಅಲ್ಲಿಂದಲೇ ನೋಡಬೇಕು. ಇಷ್ಟೇ ಆಸೆ.

ಸಿಗ್ನಲ್‌ನಿಂದ ಚಾನೆಲ್ ಹಿಡಿದು ಕಂಪ್ಯೂಟರ್‌ಗೆ ಕೊಡುವ ಟ್ಯೂನರ್ ಆರಿಸೋಕೆ ಕೂತು ಮೂರು ವಾರ ಆಯಿತು. ಒಂದು ಕಡೆ ಒಳಗೆ ಕೂರಿಸುವ ಕಾರ್ಡ್, ಇನ್ನೊಂದು ಕಡೆ ಬೆರಳುದ್ದದ ಯುಎಸ್‌ಬಿ ಕಡ್ಡಿ, ಮತ್ತೊಂದು ಕಡೆ ನೆಟ್‌ವರ್ಕ್ ವೈರ್ ಸಿಕ್ಕಿಸುವ ಡಬ್ಬ. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ಬೈಯುತ್ತಾರೆ. ಮನೆಯಲ್ಲಿ ನಾವು ನಾಲ್ಕು ಜನ. ಅಮ್ಮನಿಗೆ ಧಾರಾವಾಹಿ ತಪ್ಪಬಾರದು, ಅಪ್ಪನಿಗೆ ವಾರ್ತೆ, ತಂಗಿಗೆ ಆಟದ ಪಂದ್ಯ. ಯಾವುದು ಕೊಳ್ಳಲಿ? ಎಷ್ಟು ಟ್ಯೂನರ್ ಬೇಕಾದೀತು?

ಕೋಆಕ್ಸ್:
ಮೊದಲು ಇದು ಹೇಳಿ. ಮನೆಗೆ ಸಿಗ್ನಲ್ ಬರುವುದು ಹೇಗೆ? ಛಾವಣಿಯ ಆಂಟೆನಾದಿಂದಲೋ, ಕೇಬಲ್‌ನಿಂದಲೋ, ಡಿಶ್‌ನಿಂದಲೋ? ಅದು ಗೊತ್ತಿಲ್ಲದೆ ಯಾರು ಏನು ಹೇಳಿದರೂ ಗಾಳಿಯಲ್ಲಿ ಗುಂಡು ಹೊಡೆದ ಹಾಗೆ.

ಸುಮ್ನೆ_ನೋಡುವವಳು:
ಯುಎಸ್‌ಬಿದು ಒಂದು ತಗೊಳ್ಳಿ, ಸಾಕು. ನಮ್ಮನೆಯಲ್ಲಿ ಐದು ವರ್ಷದಿಂದ ಅದೇ ಇದೆ.

ಹಳೇ_ಕಾರ್ಡ್:
ನನ್ನ ಮತ ಒಳಗೆ ಕೂರುವ ಕಾರ್ಡ್‌ಗೆ. ಅನಲಾಗ್ ಕಾಲದಿಂದ ಈ ಹುಚ್ಚು ನನಗಿದೆ, ಅದಕ್ಕೇ ಸ್ವಲ್ಪ ಹಳೇ ಕಥೆ ಹೇಳುತ್ತೇನೆ.

ಆಗ ಗಾಳಿಯಲ್ಲಿ ಬರುತ್ತಿದ್ದದ್ದು ಕಚ್ಚಾ ಚಿತ್ರ. ಅದನ್ನು ಡಿಸ್ಕ್‌ಗೆ ಇಳಿಸಬೇಕಾದರೆ ಕುಗ್ಗಿಸಲೇಬೇಕು. ಕಾರ್ಡ್‌ನಲ್ಲಿ ಅದಕ್ಕೊಂದು ಚಿಪ್ ಇಲ್ಲದಿದ್ದರೆ ಇಡೀ ಭಾರ ಸಿಪಿಯು ಮೇಲೆ. ರೆಕಾರ್ಡ್ ಆಗುವಾಗ ಬೇರೆ ಏನಾದರೂ ತೆರೆದರೆ ಚಿತ್ರ ಮುಗ್ಗರಿಸುತ್ತಿತ್ತು. ಹಾಪ್ಪಾಜ್‌ನ ಪಿವಿಆರ್-150 ಅಷ್ಟು ಹೆಸರು ಮಾಡಿದ್ದು ಇದಕ್ಕೇ. ಎಂಪೆಗ್-2ಗೆ ಕುಗ್ಗಿಸುವ ಕೆಲಸವನ್ನು ಕಾರ್ಡೇ ಮಾಡುತ್ತಿತ್ತು.

ಡಿಜಿಟಲ್‌ನಲ್ಲಿ ಆ ತಾಪತ್ರಯವೇ ಇಲ್ಲ. ಚಾನೆಲ್‌ನವರೇ ಕುಗ್ಗಿಸಿ ಕಳಿಸುತ್ತಾರೆ. ಟ್ಯೂನರ್ ಅದನ್ನು ಹಿಡಿದು ಹಾಗೇ ಕೈಗೆ ಕೊಡುತ್ತದೆ. ರೆಕಾರ್ಡ್ ಮಾಡುವುದು ಅಂದರೆ ಫೈಲ್ ಕಾಪಿ ಮಾಡಿದ ಹಾಗೆ. ಆದ್ದರಿಂದ ಈಗಿನ ಟ್ಯೂನರ್‌ಗಳಲ್ಲಿ ‘ಯಾವುದರ ಚಿತ್ರ ಚೆನ್ನಾಗಿದೆ’ ಅಂತ ಕೇಳೋದರಲ್ಲಿ ಅರ್ಥ ಇಲ್ಲ. ಸಿಗ್ನಲ್ ಸರಿಯಾಗಿ ಸಿಕ್ಕರೆ ಎಲ್ಲದರ ಚಿತ್ರವೂ ಒಂದೇ. ನೋಡಬೇಕಾದ್ದು ಬಾಳಿಕೆ, ಅದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್, ಟ್ಯೂನರ್ ಎಷ್ಟಿದೆ ಅನ್ನೋದು. ಬಾಳಿಕೆಯಲ್ಲಿ ಕಾರ್ಡೇ ಮೇಲು.

ನಾಲ್ಕುಕಿವಿ:
ಹಳೇ ಕಾರ್ಡ್ ಅವರೇ, ಕೊನೆ ಮಾತು ಒಂದು ಬಿಟ್ಟು ಉಳಿದದ್ದೆಲ್ಲ ಒಪ್ಪಿದೆ. ಚಿಕ್ಕ ಕಂಪ್ಯೂಟರ್ ಅಂದಿದ್ದಾರಲ್ಲ, ಅದರಲ್ಲಿ ಕಾರ್ಡ್ ಹಾಕೋಕೆ ಜಾಗ ಇದೆಯೇ? ಈಗಿನ ಪುಟ್ಟ ಡಬ್ಬಗಳಲ್ಲಿ ಪಿಸಿಐಇ ಸ್ಲಾಟೇ ಇರುವುದಿಲ್ಲ. ಇದ್ದರೂ ಗಿಡ್ಡ ಪಟ್ಟಿಯ ಕಾರ್ಡೇ ಬೇಕಾಗಬಹುದು.

ನಾನು ನೆಟ್‌ವರ್ಕ್ ಟ್ಯೂನರ್ ಕಡೆಯವನು. ಸಿಲಿಕಾನ್‌ಡಸ್ಟ್‌ನವರ ಎಚ್‌ಡಿಹೋಮ್‌ರನ್ ಇದೆ, ನಾಲ್ಕು ಟ್ಯೂನರ್‌ನದು. ಆಂಟೆನಾ ವೈರ್ ಎಲ್ಲಿ ಇಳಿಯುತ್ತದೋ ಅಲ್ಲೇ ಇಟ್ಟಿದ್ದೇನೆ. ಅಲ್ಲಿಂದ ರೂಟರ್‌ಗೆ ಒಂದು ವೈರ್. ಮನೆಯಲ್ಲಿರುವ ಯಾವ ಪರದೆಯಲ್ಲಿ ಬೇಕಾದರೂ ಟಿವಿ. ಕಂಪ್ಯೂಟರ್ ಬದಲಾಯಿಸಿದರೂ ಟ್ಯೂನರ್ ಮುಟ್ಟಬೇಕಿಲ್ಲ. ಡ್ರೈವರ್ ತಲೆನೋವೂ ಇಲ್ಲ, ಯಾಕೆಂದರೆ ಕಂಪ್ಯೂಟರ್‌ಗೆ ಅದು ಬರೀ ನೆಟ್‌ವರ್ಕ್‌ನಿಂದ ಬರುವ ವಿಡಿಯೋ.

ಹಳೇ_ಕಾರ್ಡ್:
ಇನ್ನೊಂದು ಡಬ್ಬ, ಇನ್ನೊಂದು ಅಡಾಪ್ಟರ್, ಇನ್ನೊಂದು ವೈರ್. ರೂಟರ್ ಕೈಕೊಟ್ಟರೆ ಟಿವಿಯೂ ಹೋಯಿತು. ಕಾರ್ಡ್‌ಗೆ ಇದ್ಯಾವುದೂ ಇಲ್ಲ.

ನಾಲ್ಕುಕಿವಿ:
ರೂಟರ್ ಕೈಕೊಟ್ಟರೆ ಟಿವಿ ಹೋಗುವುದು ನಿಜ, ಒಪ್ಪುತ್ತೇನೆ. ಇಂಟರ್‌ನೆಟ್ ಹೋದರೆ ಮಾತ್ರ ಏನೂ ಆಗೋದಿಲ್ಲ. ಇವೆರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಡಬ್ಬ ಮಾತಾಡುವುದು ಮನೆಯೊಳಗಿನ ವೈರ್‌ನಲ್ಲಿ ಮಾತ್ರ.

ಹೊಸಪರದೆ:
ಕ್ಷಮಿಸಿ, ಮುಖ್ಯವಾದದ್ದನ್ನೇ ಹೇಳಿರಲಿಲ್ಲ. ನಮ್ಮದು ಛಾವಣಿಯ ಆಂಟೆನಾ. ಕೆಲವು ಚಾನೆಲ್ ಡಿವಿಬಿ-ಟಿ ಅನ್ನುವ ಹಳೆಯ ಡಿಜಿಟಲ್ ಪ್ರಸಾರ ಪದ್ಧತಿಯಲ್ಲಿ ಬರುತ್ತವೆ, ಎಚ್‌ಡಿ ಎಲ್ಲ ಅದರ ಹೊಸ ರೂಪ ಡಿವಿಬಿ-ಟಿ2ನಲ್ಲಿ. ಎಲ್ಲವೂ ಉಚಿತ, ಯಾವುದಕ್ಕೂ ಬೀಗ ಇಲ್ಲ. ಆಂಟೆನಾ ವೈರ್ ಮಹಡಿ ಮೆಟ್ಟಿಲ ಹತ್ತಿರ ಒಳಗೆ ಬರುತ್ತದೆ. ಅಲ್ಲಿಂದ ಟಿವಿ ಇರುವ ಕೋಣೆಗೆ ಹಳೆಯ ವೈರ್ ಒಂದು ಹೋಗಿದೆ. ಕಂಪ್ಯೂಟರ್‌ನಲ್ಲಿ ಸಣ್ಣ ಪಿಸಿಐಇ ಸ್ಲಾಟ್ ಒಂದಿದೆ. ಲಿನಕ್ಸ್ ಹಾಕಿದ್ದೇನೆ.

ಕೋಆಕ್ಸ್:
ಹಾ, ಈಗ ಮಾತಾಡಬಹುದು. ಡಿವಿಬಿ-ಟಿ2 ಬೇಕು ಅಂದಮೇಲೆ ಅಗ್ಗದ ಹಳೇ ಕಡ್ಡಿಗಳಲ್ಲಿ ಅರ್ಧಕ್ಕರ್ಧ ಪಟ್ಟಿಯಿಂದ ಹೊರಗೆ. ಡಿವಿಬಿ-ಟಿ ಮಾತ್ರ ಬರುವ ಟ್ಯೂನರ್‌ಗೆ ಟಿ2 ಕಾಣಿಸುವುದೇ ಇಲ್ಲ. ಸಾಫ್ಟ್‌ವೇರ್ ಹಾಕಿ ಸರಿಮಾಡೋಣ ಅಂದರೆ ಆಗೋದಿಲ್ಲ, ಸಿಗ್ನಲ್ ಬಿಡಿಸಿ ಓದುವ ಡಿಮಾಡ್ಯುಲೇಟರ್ ಚಿಪ್‌ಗೇ ಅದು ಬರಬೇಕು. ಟಿ2 ಬರುವುದರಲ್ಲಿ ಹಳೆಯ ಟಿ ಸಾಮಾನ್ಯವಾಗಿ ಬರುತ್ತದೆ, ಆ ಚಿಂತೆ ಬೇಡ.

ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಯುರೋಪ್ ಕಡೆ ಡಿವಿಬಿ-ಟಿ ಮತ್ತು ಟಿ2, ಉತ್ತರ ಅಮೆರಿಕದಲ್ಲಿ ಎಟಿಎಸ್‌ಸಿ, ಜಪಾನ್ ಮತ್ತು ಬ್ರೆಜಿಲ್‌ನಲ್ಲಿ ಐಎಸ್‌ಡಿಬಿ-ಟಿ. ಹಾಪ್ಪಾಜ್ ಕ್ವಾಡ್‌ಎಚ್‌ಡಿ ಆಗಲಿ ಎಚ್‌ಡಿಹೋಮ್‌ರನ್ ಆಗಲಿ, ಎಟಿಎಸ್‌ಸಿಗೆ ಬೇರೆ ಮಾದರಿ, ಡಿವಿಬಿಗೆ ಬೇರೆ ಮಾದರಿ. ಹೆಸರು ಹೆಚ್ಚುಕಮ್ಮಿ ಒಂದೇ. ಹೆಸರು ನೋಡಿ ಬೇರೆ ದೇಶದಿಂದ ತರಿಸಿದರೆ ದುಡ್ಡು ದಂಡ.

ನಡುರಾತ್ರಿ_ಟರ್ಮಿನಲ್:
ಲಿನಕ್ಸ್ ಅಂದ್ರಲ್ಲ, ಹಾಗಾದರೆ ನನ್ನದೂ ಒಂದು ಮಾತು. ಪೆಟ್ಟಿಗೆ ಮೇಲಿನ ಹೆಸರು ಓದಬೇಡಿ, ಒಳಗಿನ ಚಿಪ್ ಯಾವುದು ನೋಡಿ. ಒಂದೇ ಹೆಸರಿನಲ್ಲಿ ಮೊದಲ ವರ್ಷ ಒಂದು ಚಿಪ್, ಮೂರನೇ ವರ್ಷ ಬೇರೆ ಚಿಪ್ ಹಾಕಿ ಮಾರುವುದು ಈ ಸಾಮಾನಿನಲ್ಲಿ ಮಾಮೂಲು. ಯುಎಸ್‌ಬಿದಾದರೆ ಸಿಕ್ಕಿಸಿ ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಅನ್ನುವ ಆಜ್ಞೆ ಹೊಡೆಯಿರಿ. ನಾಲ್ಕು ಅಕ್ಷರದ ಎರಡು ಗುರುತು ಬರುತ್ತದೆ. ಅದನ್ನು ಲಿನಕ್ಸ್‌ಟಿವಿ ವಿಕಿಯಲ್ಲಿ ಹುಡುಕಿದರೆ ಬಣ್ಣ ಬಯಲಾಗುತ್ತದೆ.

ಎಸ್‌ಐ2168 ಡಿಮಾಡ್ಯುಲೇಟರ್, ಅದರ ಜೊತೆಗೆ ಎಸ್‌ಐ2157 ಟ್ಯೂನರ್ ಚಿಪ್ ಇರುವ ಸಾಮಾನು ಸಿಕ್ಕರೆ ನೆಮ್ಮದಿ. ಇವೆರಡಕ್ಕೂ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಡ್ರೈವರ್ ಇದೆ. ಚಿಪ್‌ಗೆ ತುಂಬುವ ಫರ್ಮ್‌ವೇರ್ ಫೈಲ್ ಮಾತ್ರ ನೀವೇ ತಂದು ‘ಲಿಬ್’ ಒಳಗಿನ ‘ಫರ್ಮ್‌ವೇರ್’ ಫೋಲ್ಡರ್‌ನಲ್ಲಿ ಇಡಬೇಕಾಗಬಹುದು. ನನಗೆ ಮೊದಲ ಸಲ ಆದದ್ದು ಹೀಗೆ: ಸಾಧನ ಕಾಣಿಸುತ್ತಿದೆ, ಅಡಾಪ್ಟರ್ ಸೊನ್ನೆ ಅಂತ ಬಂದಿದೆ, ಸ್ಕ್ಯಾನ್ ಮಾಡಿದರೆ ಒಂದು ಚಾನೆಲ್ಲೂ ಇಲ್ಲ. ಎರಡು ಸಂಜೆ ಆಂಟೆನಾ ತಿರುಗಿಸಿದೆ. ಆಮೇಲೆ ಕರ್ನಲ್‌ನ ಸಂದೇಶಗಳ ಪಟ್ಟಿ ‘ಡಿಮೆಸೇಜ್’ ತೆಗೆದರೆ ಒಂದೇ ಸಾಲು, ಫರ್ಮ್‌ವೇರ್ ಲೋಡ್ ಆಗಲಿಲ್ಲ, ಎರರ್ -2. ಹಾಗಂದರೆ ಫೈಲೇ ಸಿಗಲಿಲ್ಲ ಅಂತ. ಫೈಲ್ ಇಟ್ಟು ರೀಬೂಟ್ ಮಾಡಿದ ಕೂಡಲೇ ಚಾನೆಲ್‌ಗಳು ಸಾಲಾಗಿ ಬಂದವು.

ಕರ್ನಲ್ ಹೊರಗಿನ ಡ್ರೈವರ್ ಬೇಕಾದ ಕಾರ್ಡ್‌ಗಳಿಂದ ದೂರ ಇರಿ ಅನ್ನುತ್ತೇನೆ. ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಡ್ರೈವರ್ ಮತ್ತೆ ಕಟ್ಟಬೇಕು. ನಾನು ಊರಲ್ಲಿ ಇಲ್ಲದಾಗ ತಾನಾಗಿ ಅಪ್‌ಡೇಟ್ ಆಗಿ ಹನ್ನೊಂದು ದಿನದ ರೆಕಾರ್ಡಿಂಗ್ ಹೋಯಿತು. ಅವತ್ತೇ ಆ ಕಾರ್ಡ್ ಕಿತ್ತು ಕೊಟ್ಟುಬಿಟ್ಟೆ.

ಹಳೇ_ಕಾರ್ಡ್:
ತಪ್ಪು ಕಾರ್ಡ್‌ನದಲ್ಲ ಅಕ್ಕಾ, ತಾನಾಗಿ ಅಪ್‌ಡೇಟ್ ಆಗೋದಕ್ಕೆ ಬಿಟ್ಟದ್ದು. ರೆಕಾರ್ಡ್ ಮಾಡುವ ಯಂತ್ರದಲ್ಲಿ ಕರ್ನಲ್ ಹಿಡಿದು ನಿಲ್ಲಿಸಬೇಕು.

ನಡುರಾತ್ರಿ_ಟರ್ಮಿನಲ್:
ಭದ್ರತೆಯ ಅಪ್‌ಡೇಟ್ ವರ್ಷಗಟ್ಟಲೆ ನಿಲ್ಲಿಸಿ ಅಂತ ಹೊಸಬರಿಗೆ ಹೇಳೋಕೆ ನನಗೆ ಮನಸ್ಸು ಬರೋದಿಲ್ಲ ಅಣ್ಣಾ. ಕರ್ನಲ್ ಒಳಗೇ ಡ್ರೈವರ್ ಇರುವುದು ಕೊಂಡರೆ ಈ ಜಗಳವೇ ಇರೋದಿಲ್ಲ.

ಎರಡನೇ_ರಿಮೋಟ್:
ಎಷ್ಟು ಟ್ಯೂನರ್ ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಮನೆಯಲ್ಲಿ ನಾಲ್ಕು ಜನ ಅಂದರೆ ನಾಲ್ಕು ಟ್ಯೂನರ್ ಅಂತ ಲೆಕ್ಕ ಹಾಕಬೇಡಿ. ಲೆಕ್ಕ ಮಲ್ಟಿಪ್ಲೆಕ್ಸ್‌ನ ಮೇಲೆ.

ಸುಮ್ನೆ_ನೋಡುವವಳು:
ಮಲ್ಟಿಪ್ಲೆಕ್ಸ್ ಅಂದರೆ ಸಿನಿಮಾ ಥಿಯೇಟರ್ ಅಲ್ವಾ? ಇಲ್ಲಿ ಏನು ಅರ್ಥ?

ಎರಡನೇ_ರಿಮೋಟ್:
ಒಳ್ಳೇ ಪ್ರಶ್ನೆ. ಡಿಜಿಟಲ್ ಟಿವಿಯಲ್ಲಿ ಒಂದು ಫ್ರೀಕ್ವೆನ್ಸಿಯಲ್ಲಿ ಒಂದೇ ಚಾನೆಲ್ ಬರೋದಿಲ್ಲ, ಹಲವು ಚಾನೆಲ್ ಒಟ್ಟಿಗೆ ಬರುತ್ತವೆ. ಒಂದು ಬಸ್ಸು, ಒಳಗೆ ಎಂಟೋ ಹತ್ತೋ ಜನ. ಆ ಬಸ್ಸಿಗೆ ಮಲ್ಟಿಪ್ಲೆಕ್ಸ್ ಅಂತ ಹೆಸರು, ಚಿಕ್ಕದಾಗಿ ಮಕ್ಸ್. ಒಂದು ಟ್ಯೂನರ್ ಒಂದು ಸಲಕ್ಕೆ ಒಂದು ಬಸ್ಸು ಹಿಡಿಯುತ್ತದೆ. ಬಸ್ಸು ಸಿಕ್ಕಿತು ಅಂದರೆ ಒಳಗಿರುವ ಎಲ್ಲರೂ ಸಿಕ್ಕ ಹಾಗೆ. ಟಿವಿ ರೆಕಾರ್ಡ್ ಮಾಡುವ ಸಾಫ್ಟ್‌ವೇರ್‌ಗಳಾದ ಟಿವಿಹೆಡೆಂಡ್ ಅಥವಾ ಮಿಥ್‌ಟಿವಿಯಲ್ಲಿ ಒಂದೇ ಟ್ಯೂನರ್‌ನಿಂದ ಒಂದೇ ಮಕ್ಸ್‌ನ ಮೂರು ಚಾನೆಲ್ ಒಟ್ಟಿಗೆ ರೆಕಾರ್ಡ್ ಮಾಡಬಹುದು. ನಾನು ದಿನವೂ ಮಾಡುತ್ತೇನೆ.

ಹೊಸಪರದೆ ಅವರೇ, ಒಂದು ಹಾಳೆ ತಗೊಳ್ಳಿ. ಮನೆಯವರು ನೋಡುವ ಚಾನೆಲ್‌ಗಳನ್ನು ಬರೆಯಿರಿ, ಪ್ರತಿಯೊಂದರ ಪಕ್ಕದಲ್ಲಿ ಅದು ಯಾವ ಮಕ್ಸ್ ಅಂತ. ಆಮೇಲೆ ರಾತ್ರಿ ಎಂಟರಿಂದ ಹತ್ತರವರೆಗೆ ಏನೇನು ಒಟ್ಟಿಗೆ ಬೇಕು ನೋಡಿ. ಅಲ್ಲಿ ಎಷ್ಟು ಬೇರೆ ಬೇರೆ ಮಕ್ಸ್ ಬರುತ್ತವೋ ಅಷ್ಟು ಟ್ಯೂನರ್.

ಅದಕ್ಕೆ ಒಂದು ಸೇರಿಸಿ. ಕಾರ್ಯಕ್ರಮಗಳು ಗಡಿಯಾರ ನೋಡಿ ಶುರುವಾಗೋದಿಲ್ಲ, ಅದಕ್ಕೇ ರೆಕಾರ್ಡಿಂಗ್‌ಗೆ ಹಿಂದೆ ಮುಂದೆ ನಿಮಿಷ ಬಿಡುತ್ತೇವೆ. ಎಂಟಕ್ಕೆ ಮುಗಿಯುವುದು ಎಂಟೂ ಐದಕ್ಕೆ ಮುಗಿಯುತ್ತದೆ, ಎಂಟಕ್ಕೆ ಶುರುವಾಗುವುದು ಎಂಟಕ್ಕೆ ಎರಡು ನಿಮಿಷ ಇರುವಾಗಲೇ ಶುರು. ಆ ಏಳು ನಿಮಿಷಕ್ಕೆ ಎರಡು ಟ್ಯೂನರ್ ಬೇಕು. ಒಂದೇ ಟ್ಯೂನರ್ ಇದ್ದವರಿಗೆ ಕ್ಲೈಮ್ಯಾಕ್ಸ್ ತಪ್ಪುವುದು ಇಲ್ಲೇ.

ಸುಮ್ನೆ_ನೋಡುವವಳು:
ಓ! ನಮ್ಮನೆಯಲ್ಲಿ ಕೊನೆ ನಿಮಿಷ ಕತ್ತರಿಸಿ ಹೋಗುತ್ತಿದ್ದದ್ದು ಇದಕ್ಕೇನಾ? ಇಷ್ಟು ವರ್ಷ ಸಾಫ್ಟ್‌ವೇರ್‌ದೇ ತಪ್ಪು ಅಂದುಕೊಂಡಿದ್ದೆ.

ಎರಡನೇ_ರಿಮೋಟ್:
ಅದಕ್ಕೇ ಇರಬೇಕು. ಎರಡು ಟ್ಯೂನರ್ ಇರುವ ಯುಎಸ್‌ಬಿ ಕಡ್ಡಿಗಳೂ ಇವೆ, ಹಾಪ್ಪಾಜ್ ಡ್ಯುಯಲ್‌ಎಚ್‌ಡಿ ಥರದ್ದು. ಒಂದೇ ಆಂಟೆನಾ ತೂತು, ಒಳಗೆ ಎರಡು.

ಪಾಕೆಟ್_ಗಾತ್ರ:
ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇದ್ದವರಿಗೆ ಅದರ ಮೇಲೆ ಕೂರಿಸುವ ಟಿವಿ ಹ್ಯಾಟ್ ಅಂತ ಒಂದು ಟ್ಯೂನರ್ ಬರುತ್ತದೆ. 2018ರಲ್ಲಿ ಬಂತು. ಡಿವಿಬಿ-ಟಿ, ಟಿ2 ಎರಡೂ ಆಗುತ್ತದೆ. ನನ್ನದು ಮೆಟ್ಟಿಲ ಕೆಳಗೆ ಇದೆ, ಟಿವಿಹೆಡೆಂಡ್ ಹಾಕಿದ್ದೇನೆ, ನಾಲ್ಕುಕಿವಿಯವರು ಹೇಳಿದ ನೆಟ್‌ವರ್ಕ್ ಡಬ್ಬದ ಕೆಲಸವನ್ನೇ ಮಾಡುತ್ತಿದೆ. ಟ್ಯೂನರ್ ಮಾತ್ರ ಒಂದೇ.

ಹಳೇ_ಕಾರ್ಡ್:
ಯುಎಸ್‌ಬಿಯಲ್ಲಿ ನಾಲ್ಕು ಚಾನೆಲ್ ಒಟ್ಟಿಗೆ ಎಳೆದರೆ ಉಸಿರು ಕಟ್ಟುವುದಿಲ್ಲವೇ?

ಎರಡನೇ_ರಿಮೋಟ್:
ಲೆಕ್ಕ ಹಾಕಿ ನೋಡೋಣ. ಎಚ್‌ಡಿ ಚಾನೆಲ್ ಒಂದು ಸೆಕೆಂಡಿಗೆ 8 ಮೆಗಾಬಿಟ್ ಅಂತ ಇಟ್ಟುಕೊಳ್ಳಿ. ಗಂಟೆಗೆ 3.6 ಜಿಬಿ. ಇಡೀ ಟಿ2 ಮಕ್ಸ್ ಎಳೆದರೂ 40 ಮೆಗಾಬಿಟ್‌ನ ಆಸುಪಾಸು. ಯುಎಸ್‌ಬಿ 2.0 ಹೆಸರಿಗೆ 480. ಅರ್ಧ ಸಿಕ್ಕರೂ ನಾಲ್ಕು ಇಡೀ ಮಕ್ಸ್ ಆರಾಮಾಗಿ ಹೋಗುತ್ತದೆ. ಡಿಸ್ಕ್‌ಗೂ ಇದು ಭಾರ ಅಲ್ಲ, ನಾಲ್ಕು ಇಡೀ ಮಕ್ಸ್ ಅಂದರೂ ಸೆಕೆಂಡಿಗೆ 20 ಮೆಗಾಬೈಟ್. ಎಟಿಎಸ್‌ಸಿಯವರಿಗೆ ಒಂದು ಫ್ರೀಕ್ವೆನ್ಸಿಗೆ 19.39 ಮೆಗಾಬಿಟ್ ಮಾತ್ರ, ಪೂರ್ತಿ ತುಂಬಿದ್ದರೂ ಗಂಟೆಗೆ 8.7 ಜಿಬಿ.

ಯುಎಸ್‌ಬಿಯ ತೊಂದರೆ ವೇಗದ್ದಲ್ಲ, ಬಿಸಿಯದ್ದು ಮತ್ತು ನಿದ್ದೆಯದ್ದು. ಕಂಪ್ಯೂಟರ್ ಮಲಗಿ ಎದ್ದಮೇಲೆ ಕಡ್ಡಿ ಕಾಣೆಯಾಗುವುದು ನಾನೇ ಎಷ್ಟೋ ಸಲ ನೋಡಿದ್ದೇನೆ. ಡ್ರೈವರ್ ಇಳಿಸಿ ಮತ್ತೆ ಏರಿಸಿದರೆ ಬರುತ್ತದೆ. ಎದ್ದ ಕೂಡಲೇ ಅಷ್ಟು ಮಾಡುವ ಚಿಕ್ಕ ಸ್ಕ್ರಿಪ್ಟ್ ಇಟ್ಟುಕೊಂಡಿದ್ದೇನೆ.

ನಡುರಾತ್ರಿ_ಟರ್ಮಿನಲ್:
ಇನ್ನೊಂದು, ಕಡ್ಡಿಯನ್ನು ನೇರವಾಗಿ ಕಂಪ್ಯೂಟರ್ ಬೆನ್ನಿಗೆ ಚುಚ್ಚಬೇಡಿ. ಪಕ್ಕದ ಯುಎಸ್‌ಬಿ 3 ಪೋರ್ಟ್‌ನಲ್ಲಿ ಡಿಸ್ಕ್ ಓಡುತ್ತಿದ್ದರೆ ಅದರ ರೇಡಿಯೋ ಗದ್ದಲ ಟ್ಯೂನರ್‌ಗೆ ಸೇರುತ್ತದೆ. ಒಂದು ಮೊಳ ಉದ್ದದ ಎಕ್ಸ್‌ಟೆನ್ಷನ್ ವೈರ್ ಹಾಕಿ ದೂರ ಇಟ್ಟರೆ ಸಾಕು. ಬಿಸಿಯೂ ಕಮ್ಮಿ.

ಕೋಆಕ್ಸ್:
ಎಲ್ಲರೂ ಟ್ಯೂನರ್ ಬಗ್ಗೆ ಜಗಳ ಆಡುತ್ತಿದ್ದೀರಿ. ನಾನು ಆಂಟೆನಾ ಕಟ್ಟುವ ಕೆಲಸದವನು, ನನಗೆ ಬರುವ ಕರೆಗಳಲ್ಲಿ ‘ಟ್ಯೂನರ್ ಕೆಟ್ಟಿದೆ’ ಅನ್ನುವವೇ ಜಾಸ್ತಿ. ಹೋಗಿ ನೋಡಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ. ವೈರ್‌ದು ತಪ್ಪು, ಬೈಗುಳ ಟ್ಯೂನರ್‌ಗೆ.

ಒಂದು ಮನೆಯ ವಿಷಯ ಹೇಳುತ್ತೇನೆ. ಮೂರು ಟ್ಯೂನರ್ ಬದಲಾಯಿಸಿದ್ದರು. ಒಂದು ಮಕ್ಸ್ ಬರುತ್ತದೆ, ಇನ್ನೊಂದು ಸಂಜೆ ಮಾತ್ರ ಬರುತ್ತದೆ, ಮೂರನೆಯದು ಇಲ್ಲವೇ ಇಲ್ಲ. ನಾನು ಆಂಟೆನಾ ವೈರ್‌ನ ತುದಿಯ ಎಫ್ ಕನೆಕ್ಟರ್ ಬಿಚ್ಚಿದೆ. ಆರ್‌ಜಿ-6 ವೈರ್‌ನ ನಡುವೆ ದಪ್ಪ ತಾಮ್ರದ ತಂತಿ, ಸುತ್ತ ಬಿಳಿ ನೊರೆಯ ಪದರ, ಅದರ ಮೇಲೆ ಜಡೆ ಹೆಣೆದ ಹಾಗೆ ಸಣ್ಣ ಎಳೆಗಳು. ವೈರ್ ಸುಲಿದವರು ಆ ಎಳೆಗಳನ್ನು ಪೂರ್ತಿ ಹಿಂದಕ್ಕೆ ಮಡಚಿರಲಿಲ್ಲ. ಕೂದಲಿನಷ್ಟು ಸಣ್ಣ ಒಂದೇ ಒಂದು ಎಳೆ ಬಾಗಿ ನಡುವಿನ ತಂತಿಗೆ ತಾಗಿಕೊಂಡಿತ್ತು. ಉಗುರಿನಲ್ಲಿ ಎತ್ತಿ ಕತ್ತರಿಸಿದೆ. ಮೂರೂ ಮಕ್ಸ್ ಬಂದವು. ಆ ಮೂರು ಟ್ಯೂನರ್‌ಗಳಲ್ಲಿ ಒಂದಕ್ಕೂ ಏನೂ ಆಗಿರಲಿಲ್ಲ.

ಹಾಗಾಗಿ ಹೊಸಪರದೆ ಅವರೇ, ಕೊಳ್ಳುವ ಮುಂಚೆ ಯಾರ ಹತ್ತಿರವಾದರೂ ಒಂದು ಟಿ2 ಕಡ್ಡಿ ಎರವಲು ತನ್ನಿ. ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಮೆಟ್ಟಿಲ ಹತ್ತಿರ ಒಮ್ಮೆ, ಟಿವಿ ಹತ್ತಿರ ಒಮ್ಮೆ ಅಳೆಯಿರಿ. ಸಿಗ್ನಲ್ ಶೇಕಡ ಎಷ್ಟು ಅನ್ನುವ ಪಟ್ಟಿ ನಂಬಬೇಡಿ, ಅದು ಒಂದೊಂದು ಡ್ರೈವರ್‌ನಲ್ಲಿ ಒಂದೊಂದು ಥರ. ನೋಡಬೇಕಾದ್ದು ಎರಡು. ಒಂದು ಎಸ್‌ಎನ್‌ಆರ್, ಅಂದರೆ ಸಿಗ್ನಲ್ ಗದ್ದಲಕ್ಕಿಂತ ಎಷ್ಟು ಮೇಲಿದೆ ಅನ್ನೋದು, ಡೆಸಿಬೆಲ್‌ನಲ್ಲಿ. ಇನ್ನೊಂದು ಯುಎನ್‌ಸಿ, ಅಂದರೆ ಸರಿಪಡಿಸಲಾಗದೆ ಹಾಳಾದ ತುಂಡುಗಳ ಎಣಿಕೆ. ಅದು ಅರ್ಧ ಗಂಟೆಯಲ್ಲಿ ಒಂದೂ ಏರಬಾರದು.

ಹೊಸಪರದೆ:
ಸರ್, ಸ್ಪ್ಲಿಟರ್ ಹಾಕಿದರೆ ಎಷ್ಟು ಕಮ್ಮಿಯಾಗುತ್ತದೆ? ಕಾರ್ಡ್‌ನಲ್ಲಿ ನಾಲ್ಕು ಟ್ಯೂನರ್ ಇದ್ದರೆ ನಾಲ್ಕು ವೈರ್ ಎಳೆಯಬೇಕೇ?

ಕೋಆಕ್ಸ್:
ಎರಡು ದಾರಿಯದಕ್ಕೆ ಸುಮಾರು 3.5 ಡೆಸಿಬೆಲ್, ನಾಲ್ಕು ದಾರಿಯದಕ್ಕೆ 7ರ ಹತ್ತಿರ. ಆಂಟೆನಾದ ನಾಲ್ಕು ಟ್ಯೂನರ್ ಕಾರ್ಡ್‌ಗಳಲ್ಲಿ ಒಂದೇ ತೂತು ಇರುವುದೇ ಹೆಚ್ಚು, ಒಳಗೇ ಹಂಚಿಕೊಳ್ಳುತ್ತವೆ. ಡಿಶ್‌ದು ಬೇರೆ ಕಥೆ.

ಡಿಶ್_ಮನೆ:
ಡಿಶ್‌ದು ಬೇರೆ ಕಥೆ ಅಂದಮೇಲೆ ನಾನು ಸುಮ್ನಿರೋಕೆ ಆಗೋದಿಲ್ಲ. ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಟ್ಯೂನರೇ ಆಜ್ಞೆ ಕೊಡುತ್ತದೆ. 13 ವೋಲ್ಟ್ ಕೊಟ್ಟರೆ ಒಂದು ಧ್ರುವೀಕರಣದ (ಅಲೆ ಕಂಪಿಸುವ ದಿಕ್ಕಿನ) ಚಾನೆಲ್‌ಗಳು, 18 ಕೊಟ್ಟರೆ ಇನ್ನೊಂದರವು. 22 ಕಿಲೋಹರ್ಟ್ಜ್ ಟೋನ್ ಸೇರಿಸಿದರೆ ಮೇಲಿನ ಬ್ಯಾಂಡ್. ಹಾಗಾಗಿ ಮಾಮೂಲಿ ಸ್ಪ್ಲಿಟರ್ ಹಾಕಿ ಎರಡು ಟ್ಯೂನರ್‌ಗೆ ಹಂಚಿದರೆ ಒಬ್ಬರು 13 ಅಂತಾರೆ, ಒಬ್ಬರು 18 ಅಂತಾರೆ, ಯಾರಿಗೂ ನೆಟ್ಟಗೆ ಸಿಗೋದಿಲ್ಲ. ಪ್ರತಿ ಟ್ಯೂನರ್‌ಗೂ ಎಲ್‌ಎನ್‌ಬಿಯಿಂದ ಬೇರೆ ವೈರ್ ಬೇಕು, ಇಲ್ಲವೇ ಯೂನಿಕೇಬಲ್ ಎಲ್‌ಎನ್‌ಬಿ ಹಾಕಬೇಕು. ಯೂನಿಕೇಬಲ್ ಮೊದಲನೆಯದರಲ್ಲಿ ಒಂದೇ ವೈರ್‌ನಲ್ಲಿ 8 ಟ್ಯೂನರ್‌ವರೆಗೆ, ಎರಡನೆಯದರಲ್ಲಿ 32ರವರೆಗೆ. ಡಿಶ್ ಇರುವವರು ಕಾರ್ಡ್ ಆರಿಸುವ ಮುಂಚೆ ಎಲ್‌ಎನ್‌ಬಿ ನೋಡಿಕೊಳ್ಳಿ.

ಎರಡನೇ_ರಿಮೋಟ್:
ಡಿಶ್ ಮನೆಯವರೇ, ಚಂದದ ವಿವರಣೆ. ಇದಕ್ಕೆ ಒಂದು ಬೇರೆ ಚರ್ಚೆ ತೆರೆಯಿರಿ, ನನಗೂ ಕೇಳೋದಿದೆ.

ತೆರೆದ_ಬೀಗ:
ಹೊಸಪರದೆ ಅವರದ್ದು ಉಚಿತ ಚಾನೆಲ್, ಅದೃಷ್ಟ. ದುಡ್ಡು ಕೊಟ್ಟು ನೋಡುವ ಚಾನೆಲ್ ಇರುವವರು ಎಚ್ಚರ. ಬೀಗ ಹಾಕಿದ ಚಾನೆಲ್ ಟ್ಯೂನರ್‌ಗೆ ಸಿಗುತ್ತದೆ, ಪರದೆ ಮೇಲೆ ಮಾತ್ರ ಕಪ್ಪು. ಅದಕ್ಕೆ ಕಾರ್ಡ್ ಸಿಕ್ಕಿಸುವ ಕ್ಯಾಮ್ ಜಾಗ ಇರುವ ಟ್ಯೂನರ್ ಬೇಕು, ಅದೂ ಚಾನೆಲ್‌ನವರು ಬಿಟ್ಟರೆ. ಅಮೆರಿಕದಲ್ಲಿ ಕೇಬಲ್‌ಕಾರ್ಡ್ ಅಂತ ಇತ್ತು, ಅದನ್ನು ಕೊಡಲೇಬೇಕು ಅನ್ನುವ ನಿಯಮವನ್ನು ಅಲ್ಲಿನ ಪ್ರಸಾರ ನಿಯಂತ್ರಕ ಎಫ್‌ಸಿಸಿ 2020ರಲ್ಲಿ ತೆಗೆದುಹಾಕಿತು. ಅಲ್ಲಿ ಈಗ ಎಟಿಎಸ್‌ಸಿ 3.0 ಅನ್ನುವ ಹೊಸ ಪ್ರಸಾರ ಪದ್ಧತಿ ಬರುತ್ತಿದೆ. ಗಾಳಿಯಲ್ಲಿ ಉಚಿತವಾಗಿ ಬರುವ ಚಾನೆಲ್‌ಗೂ ಕೆಲವರು ಬೀಗ ಹಾಕಿದ್ದಾರೆ. ನನಗೆ ಇದು ಬಹಳ ಬೇಸರದ ವಿಷಯ. ನನ್ನ ಛಾವಣಿ, ನನ್ನ ಆಂಟೆನಾ, ನನ್ನ ಡಿಸ್ಕ್. ಆದರೂ ಇನ್ನೊಬ್ಬರ ಅಪ್ಪಣೆ ಬೇಕು ಅಂದರೆ ಹೇಗೆ?

ನಾಲ್ಕುಕಿವಿ:
ನೂರಕ್ಕೆ ನೂರು ನಿಜ. ಎಟಿಎಸ್‌ಸಿ 3.0ರಲ್ಲಿ ಧ್ವನಿಯೂ ಎಸಿ-4 ಅನ್ನುವ ಬೇರೆ ರೂಪದಲ್ಲಿ ಬರುತ್ತದೆ. ಬೀಗ ಇಲ್ಲದ ಚಾನೆಲ್ಲೂ ಎಷ್ಟೋ ಪ್ಲೇಯರ್‌ಗಳಲ್ಲಿ ಚಿತ್ರ ಇದೆ, ಸದ್ದಿಲ್ಲ.

ಪಾಕೆಟ್_ಗಾತ್ರ:
ಅಂದ ಹಾಗೆ, ಮನೆಯಲ್ಲಿ ಆರ್‌ಟಿಎಲ್2832ಯು ಚಿಪ್‌ನ ಹಳೆಯ ಟಿವಿ ಕಡ್ಡಿ ಇದ್ದರೆ ಎಸೆಯಬೇಡಿ. ಅದರಲ್ಲಿ ಟಿ2 ಬರದಿದ್ದರೇನಂತೆ, 2012ರಿಂದ ಜನ ಅದನ್ನು ರೇಡಿಯೋ ಮಾಡಿಕೊಂಡಿದ್ದಾರೆ. 1090 ಮೆಗಾಹರ್ಟ್ಜ್‌ಗೆ ತಿರುಗಿಸಿದರೆ ತಲೆ ಮೇಲೆ ಹಾರುವ ವಿಮಾನಗಳು ತಾವು ಎಲ್ಲಿದ್ದೇವೆ, ಎಷ್ಟು ಎತ್ತರ ಅಂತ ಹೇಳುವುದು ಕೇಳುತ್ತದೆ. ನನ್ನ ಮಗಳು ಕಿಟಕಿಯಿಂದ ವಿಮಾನ ನೋಡಿ ಓಡಿಬಂದು ಪರದೆಯಲ್ಲಿ ಹುಡುಕುತ್ತಾಳೆ.

ಸುಮ್ನೆ_ನೋಡುವವಳು:
ಇದು ನನಗೆ ಟಿವಿಗಿಂತ ಇಷ್ಟ ಆಯಿತು. ಅದೇ ಕಡ್ಡಿ ನನ್ನ ಹತ್ತಿರ ಇದೆಯೋ ಅಂತ ಈಗಲೇ ನೋಡುತ್ತೇನೆ.

ಹಳೇ_ಕಾರ್ಡ್:
ವಿಮಾನ ಆಮೇಲೆ ನೋಡೋಣ. ಸಾಫ್ಟ್‌ವೇರ್ ಯಾವುದು ಹಾಕುತ್ತೀರಿ? ವಿಂಡೋಸ್ ಮೀಡಿಯಾ ಸೆಂಟರ್‌ನಷ್ಟು ಸಲೀಸು ನನಗೆ ಇನ್ನೊಂದು ಸಿಕ್ಕಿಲ್ಲ. ವಿಂಡೋಸ್ 10 ಬಂದಾಗ ಅದನ್ನು ತೆಗೆದುಬಿಟ್ಟರು. ಈಗ ಮಿಥ್‌ಟಿವಿ. 2002ರಿಂದ ಇದೆ, ಗಟ್ಟಿ.

ನಡುರಾತ್ರಿ_ಟರ್ಮಿನಲ್:
ಮಿಥ್‌ಟಿವಿ ಗಟ್ಟಿ, ಆದರೆ ಹೊಸಬರಿಗೆ ಡೇಟಾಬೇಸ್ ಹೊಂದಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಹಿಂದೆ ರೆಕಾರ್ಡ್ ಮಾಡೋಕೆ ಟಿವಿಹೆಡೆಂಡ್, ಮುಂದೆ ಪರದೆಯಲ್ಲಿ ತೋರಿಸೋಕೆ ಕೋಡಿ. ಇದು ನನ್ನ ಜೋಡಿ. ವಿಂಡೋಸ್‌ನವರಿಗೆ ನೆಕ್ಸ್ಟ್‌ಪಿವಿಆರ್ ಒಳ್ಳೇದು.

ಹಳೇ_ಕಾರ್ಡ್:
ಟಿವಿಹೆಡೆಂಡ್‌ನಲ್ಲಿ ನೆಟ್‌ವರ್ಕ್, ಮಕ್ಸ್, ಸರ್ವಿಸ್, ಚಾನೆಲ್ ಅಂತ ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ಒಂದು ಚಾನೆಲ್ ಕಾಣುತ್ತದೆ. ಅದು ಸುಲಭವೇ?

ನಡುರಾತ್ರಿ_ಟರ್ಮಿನಲ್:
ಒಂದು ಸಲ ಹತ್ತಿದರೆ ಮತ್ತೆ ಇಳಿಯಬೇಕಿಲ್ಲವಲ್ಲ ಅಣ್ಣಾ. ಆ ಮೆಟ್ಟಿಲಿನಿಂದಲೇ ಯಾವ ಚಾನೆಲ್ ಯಾವ ಮಕ್ಸ್‌ನಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ಎರಡನೇ ರಿಮೋಟ್ ಅವರು ಹೇಳಿದ ಹಾಳೆ ಅಲ್ಲೇ ಸಿದ್ಧ ಇರುತ್ತದೆ.

ಎರಡನೇ_ರಿಮೋಟ್:
ಟ್ಯೂನರ್ ಬಿಟ್ಟು ಕಂಪ್ಯೂಟರ್ ಕಡೆ ಗಮನ ಕೊಡಬೇಕಾದ ಒಂದೇ ಜಾಗ ಡಿಇಂಟರ್‌ಲೇಸ್. ಪ್ರಸಾರ 1080ಐ ಆಗಿದ್ದರೆ ಒಂದು ಚಿತ್ರದ ಸಮ ಗೆರೆ ಒಮ್ಮೆ, ಬೆಸ ಗೆರೆ ಒಮ್ಮೆ ಬರುತ್ತದೆ. ಅದನ್ನು ಸರಿಯಾಗಿ ಹೊಲಿಯದಿದ್ದರೆ ಓಡುವ ಆಟಗಾರನ ಅಂಚು ಬಾಚಣಿಗೆಯ ಹಲ್ಲಿನ ಹಾಗೆ ಕಾಣುತ್ತದೆ. ಪಂದ್ಯದಲ್ಲಿ ಚೆಂಡು ಎರಡಾಗಿ ಕಾಣುತ್ತದೆ. ತಂಗಿಗೆ ಆಟ ಇಷ್ಟ ಅಂದಿರಿ, ಕೋಡಿಯಲ್ಲಿ ಆ ಸೆಟ್ಟಿಂಗ್ ಮೊದಲು ನೋಡಿ. ಗ್ರಾಫಿಕ್ಸ್ ಚಿಪ್ ಕೈಯಲ್ಲೇ ಅದನ್ನು ಮಾಡಿಸಿ.

ಹೊಸಪರದೆ:
ಎಲ್ಲರ ಮಾತೂ ಓದಿ, ಎರವಲು ಕಡ್ಡಿ ತಂದು ಎರಡು ದಿನ ಅಳೆದೆ.

ಟಿವಿ ಕೋಣೆಯಲ್ಲಿ ಒಂದು ಟಿ2 ಮಕ್ಸ್‌ಗೆ ಎಸ್‌ಎನ್‌ಆರ್ 17ರ ಹತ್ತಿರ, ಯುಎನ್‌ಸಿ ಒಂದೇ ಸಮನೆ ಏರುತ್ತಿತ್ತು. ಕಣ್ಣಿಟ್ಟು ಕೂತೆ. ಫ್ರಿಜ್ ಗುರ್ ಅಂದಾಗಲೆಲ್ಲ ಎಣಿಕೆ ನಲವತ್ತೋ ಐವತ್ತೋ ಜಿಗಿಯುತ್ತದೆ. ಅದೇ ಹೊತ್ತಿಗೆ ಚಿತ್ರದಲ್ಲಿ ಚೌಕ ಚೌಕ. ಮೆಟ್ಟಿಲ ಹತ್ತಿರ ಅಳೆದರೆ ಎಸ್‌ಎನ್‌ಆರ್ 24, ಆದರೂ ಗಂಟೆಗೆ ಒಂದೆರಡು ಸಲ ಏರಿಕೆ. ಏನು ಮಾಡಲಿ?

ಕೋಆಕ್ಸ್:
ಟಿವಿ ಕೋಣೆಗೆ ಹೋಗುವ ಹಳೆಯ ವೈರ್‌ನ ಹೊದಿಕೆ ಸರಿಯಿಲ್ಲ, ಫ್ರಿಜ್‌ನ ವಿದ್ಯುತ್ ಗದ್ದಲ ಅದರೊಳಗೆ ನುಗ್ಗುತ್ತಿದೆ. ಮೆಟ್ಟಿಲ ಹತ್ತಿರ ಆಂಪ್ಲಿಫೈಯರ್ ಏನಾದರೂ ಇದೆಯೇ?

ಹೊಸಪರದೆ:
ಹೌದು, ಆಂಟೆನಾ ಕಂಬದಿಂದ ಬಂದ ವೈರ್‌ಗೆ ಒಂದು ಚಿಕ್ಕ ಡಬ್ಬ ಇದೆ. ಅದರ ಮೇಲೆ 26 ಡೆಸಿಬೆಲ್ ಅಂತ ಬರೆದಿದೆ.

ಕೋಆಕ್ಸ್:
ತೆಗೆದು ನೋಡಿ. ಪ್ರಸಾರದ ಟವರ್ ಹತ್ತಿರ ಇದ್ದರೆ ಅಷ್ಟು ಜೋರು ಬೇಡ. ಜಾಸ್ತಿ ಕೂಗಿದರೆ ಕಿವಿ ಗುಯ್ ಅನ್ನುವ ಹಾಗೆ ಟ್ಯೂನರ್ ಮುಂದಿನ ಹಂತ ತುಂಬಿಹೋಗುತ್ತದೆ. ಹತ್ತಿರದಲ್ಲಿ 4ಜಿ ಟವರ್ ಇದ್ದರೆ ಆಂಪ್ಲಿಫೈಯರ್ ಅದನ್ನೂ ಸೇರಿಸಿ ಹಿಗ್ಗಿಸುತ್ತದೆ.

ಹೊಸಪರದೆ:
ತೆಗೆದೆ ಸರ್. ಎಸ್‌ಎನ್‌ಆರ್ 24ರಿಂದ 29ಕ್ಕೆ ಏರಿತು. ಸಿಗ್ನಲ್ ಪಟ್ಟಿ ಮಾತ್ರ ಮೊದಲಿಗಿಂತ ಕೆಳಗೆ ತೋರಿಸುತ್ತಿದೆ. ನೀವು ಆ ಪಟ್ಟಿ ನಂಬಬೇಡಿ ಅಂದಿರದಿದ್ದರೆ ಆಂಪ್ಲಿಫೈಯರ್ ವಾಪಸ್ ಹಾಕಿಬಿಡುತ್ತಿದ್ದೆ. ರಾತ್ರಿಯಿಡೀ ಬಿಟ್ಟಿದ್ದೆ, ಯುಎನ್‌ಸಿ ಸೊನ್ನೆ.

ಹಾಳೆ ಲೆಕ್ಕವೂ ಮಾಡಿದೆ. ನಮ್ಮ ಚಾನೆಲ್‌ಗಳು ನಾಲ್ಕು ಮಕ್ಸ್‌ನಲ್ಲಿವೆ, ಆದರೆ ಒಂದೇ ಹೊತ್ತಿಗೆ ಬೇಕಾಗುವುದು ಹೆಚ್ಚೆಂದರೆ ಮೂರು. ಕಾರ್ಡ್ ಹಾಕಿದರೆ ಟಿವಿ ಕೋಣೆಗೆ ಹೊಸ ಆಂಟೆನಾ ವೈರ್ ಎಳೆಯಬೇಕು. ಮೆಟ್ಟಿಲ ಹತ್ತಿರ ನೆಟ್‌ವರ್ಕ್ ವೈರ್ ಆಗಲೇ ಇದೆ. ಅದಕ್ಕೇ ನಾಲ್ಕು ಟ್ಯೂನರ್‌ನ ನೆಟ್‌ವರ್ಕ್ ಡಬ್ಬ ತರಿಸಿದೆ. ಹಳೇ ಕಾರ್ಡ್ ಸರ್, ಬೇಸರ ಮಾಡಿಕೊಳ್ಳಬೇಡಿ.

ಹಳೇ_ಕಾರ್ಡ್:
ಬೇಸರ ಯಾಕೆ? ವೈರ್ ಎಲ್ಲಿ ಬರುತ್ತದೋ ಅಲ್ಲೇ ಟ್ಯೂನರ್ ಅನ್ನೋದು ಸರಿಯಾದ ಕಾರಣ. ನಿಮ್ಮ ಮನೆಯಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ವೈರ್ ಟಿವಿ ಹತ್ತಿರವೇ ಇಳಿಯುವ ಮನೆಯಲ್ಲಿ ಮಾತ್ರ ಕಾರ್ಡ್‌ನ ಪರವಾಗಿ ಇವತ್ತೂ ವಾದ ಮಾಡುತ್ತೇನೆ.

ನಾಲ್ಕುಕಿವಿ:
ಡಬ್ಬ ಮತ್ತು ಕಂಪ್ಯೂಟರ್ ಎರಡೂ ವೈರ್‌ನಲ್ಲೇ ಇರಲಿ, ವೈಫೈ ಬೇಡ. ಫೈಲ್ ಆದರೆ ತುಸು ತಡವಾಗಿ ಬಂದರೂ ನಡೆಯುತ್ತದೆ, ನೇರ ಪ್ರಸಾರ ಕಾಯೋದಿಲ್ಲ.

ಹೊಸಪರದೆ:
ಎರಡೂ ವೈರ್‌ನಲ್ಲೇ ಇವೆ. ನಿನ್ನೆ ಮೂರು ರೆಕಾರ್ಡಿಂಗ್ ಒಟ್ಟಿಗೆ ಹೋಯಿತು, ಜೊತೆಗೆ ಅಪ್ಪ ವಾರ್ತೆ ನೋಡುತ್ತಿದ್ದರು. ಒಂದು ಚೌಕವೂ ಬರಲಿಲ್ಲ. ಅಮ್ಮ ಧಾರಾವಾಹಿಯನ್ನು ನಡುವೆ ನಿಲ್ಲಿಸಿ, ಎದ್ದು ಹೋಗಿ ಬಂದು, ಮತ್ತೆ ಅಲ್ಲಿಂದಲೇ ನೋಡಿದರು. ‘ಇದು ಮೊದಲೇ ಯಾಕೆ ಮಾಡಲಿಲ್ಲ’ ಅಂತ ಕೇಳಿದರು.

ಎರಡನೇ_ರಿಮೋಟ್:
ಖುಷಿಯಾಯಿತು. ಹಿಂದೆ ಮುಂದೆ ಎಷ್ಟು ನಿಮಿಷ ಇಟ್ಟಿದ್ದೀರಿ?

ಹೊಸಪರದೆ:
ಶುರುವಿಗೆ 2, ಕೊನೆಗೆ 5. ಪಂದ್ಯಕ್ಕೆ ಮಾತ್ರ ಕೊನೆಗೆ 60.

ಎರಡನೇ_ರಿಮೋಟ್:
ಪಂದ್ಯಕ್ಕೆ 90 ಇಡಿ.